ಪಂಡಿತೆಯ ಮಗಳು ಮನೋರಮಾ

1885ರ ಮಾತು. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಮತ್ತು ವಾಂಟೇಜ್ ಎಂಬ ಎರಡು ಊರುಗಳ ನಡುವೆ ಆ ವರ್ಷ ಉದ್ದುದ್ದ ಕಾಗದಗಳು ಓಡಾಡಿದವು. ಬರೆಯುತ್ತಿದ್ದವರಲ್ಲಿ ಒಬ್ಬರು ಇಪ್ಪತ್ತೇಳು ವರ್ಷದ ಭಾರತೀಯ ವಿಧವೆ. ಇನ್ನೊಬ್ಬರು ವಾಂಟೇಜಿನ ಕ್ರೈಸ್ತ ಸನ್ಯಾಸಿನಿಯರ ಮಠದ ಸಿಸ್ಟರ್ ಜೆರಾಲ್ಡಿನ್. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಅಪಾರ ಪ್ರೀತಿ. ಆದರೂ ಕಾಗದಗಳ ತುಂಬ ಜಗಳ. ಜಗಳಕ್ಕೆ ಕಾರಣ ನಾಲ್ಕು ವರ್ಷದ ಒಂದು ಹೆಣ್ಣುಮಗು. ಅದಕ್ಕೆ ದೇವರ ವಿಷಯವನ್ನು ಯಾರು, ಎಷ್ಟು, ಯಾವಾಗ ಹೇಳಿಕೊಡಬೇಕು ಎಂಬುದೇ ಪ್ರಶ್ನೆ.

ಆ ವಿಧವೆ ಪಂಡಿತಾ ರಮಾಬಾಯಿ. ಮಗು ಮನೋರಮಾ.

ರಮಾಬಾಯಿ ಎಂದರೆ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ಚರಿತ್ರೆಯ ಪುಸ್ತಕದ ಒಂದು ಸಾಲು. ಸಮಾಜ ಸುಧಾರಕರ ಪಟ್ಟಿಯಲ್ಲಿ ಬರುವ ಹೆಸರು, ಪರೀಕ್ಷೆಗೆ ಎರಡು ಅಂಕದ ಟಿಪ್ಪಣಿ. ಮನೋರಮಾ ಅಂತೂ ಆ ಒಂದು ಸಾಲಿನಲ್ಲೂ ಇಲ್ಲ. ಆದರೆ ತಾಯಿ ಕಟ್ಟಿದ್ದನ್ನು ಇಪ್ಪತ್ತು ವರ್ಷಗಳ ಕಾಲ ಹೆಗಲು ಕೊಟ್ಟು ಹೊತ್ತವರು ಈ ಮಗಳು. ಹತ್ತೊಂಬತ್ತರ ಆಸುಪಾಸಿನಲ್ಲಿ ಆರಂಭವಾದ ಆ ದುಡಿಮೆ ಆಕೆಯ ಉಸಿರಿರುವವರೆಗೂ ನಡೆಯಿತು. ಈ ತಾಯಿ-ಮಗಳ ಕತೆ ಕರ್ನಾಟಕದ ಮಲೆನಾಡಿನಿಂದಲೇ ಮೊದಲಾಗುತ್ತದೆ ಎಂಬುದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಬೆತ್ತದ ಪೆಟ್ಟಿಗೆಯಲ್ಲಿ ಹೊರಟ ಮಗು

ಕಾರ್ಕಳದ ಹತ್ತಿರದ ಮಾಳ, ಘಟ್ಟದ ಬುಡದ ಊರು. ಅಲ್ಲಿ ನೆಲೆಸಿದ್ದ ಚಿತ್ಪಾವನ ಬ್ರಾಹ್ಮಣ ಮನೆತನದವರು ಅನಂತ ಶಾಸ್ತ್ರಿ ಡೋಂಗ್ರೆ. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಅವರ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿವಾಸದವರಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸೊಬ್ಬಳ ಬಾಯಲ್ಲಿ ಶ್ಲೋಕ ಕೇಳಿದ ಶಾಸ್ತ್ರಿಗಳಿಗೆ, ತಮ್ಮ ಮನೆಯಲ್ಲೂ ಹೀಗೆಯೇ ಆಗಬೇಕೆಂಬ ಆಸೆ ಹುಟ್ಟಿತು. ತಮಗಿಂತ ಬಹಳ ಚಿಕ್ಕವಳಾಗಿದ್ದ ಹೆಂಡತಿ ಲಕ್ಷ್ಮೀಬಾಯಿಗೆ ತಾವೇ ಪಾಠ ಶುರುಮಾಡಿದರು. ಊರಿನ ಪಂಡಿತರು ಸುಮ್ಮನಿರಲಿಲ್ಲ. ಹೆಣ್ಣಿಗೆ ಸಂಸ್ಕೃತವೇ ಎಂದು ಗದ್ದಲವಾಯಿತು. ಶಾಸ್ತ್ರಿಗಳು ಶಾಸ್ತ್ರಗಳಿಂದಲೇ ಆಧಾರಗಳನ್ನು ಹೆಕ್ಕಿ ತೆಗೆದು ತಮ್ಮನ್ನು ಸಮರ್ಥಿಸಿಕೊಂಡರು. ಕಡೆಗೆ ಊರ ಸಹವಾಸವೇ ಬೇಡವೆಂದು ಹೆಂಡತಿಯನ್ನು ಕರೆದುಕೊಂಡು ಘಟ್ಟ ಹತ್ತಿ ಗಂಗಾಮೂಲದ ಕಾಡು ಸೇರಿದರು.

ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಆ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದಳು. ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಕೈಲಿದ್ದ ಹಣವೆಲ್ಲ ಅತಿಥಿ ಸತ್ಕಾರದಲ್ಲಿ ಕರಗಿ, ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಹಸುಗೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳೊಬ್ಬನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರಂತೆ. ತಮ್ಮ ಅಲೆದಾಟ ಅಂದಿನಿಂದಲೇ ಶುರುವಾಯಿತೆಂದು ರಮಾಬಾಯಿ ಮುಂದೆ ಬರೆದುಕೊಂಡಿದ್ದಾರೆ.

ಊರೂರು ಸುತ್ತುತ್ತ, ಪುರಾಣ ಹೇಳುತ್ತ, ತಾಯಿಯ ಬಾಯಿಂದ ಸಂಸ್ಕೃತ ಕಲಿಯುತ್ತ ರಮಾ ಬೆಳೆದಳು. 1870ರ ದಶಕದ ಬರಗಾಲ ತಂದೆ, ತಾಯಿ, ಅಕ್ಕ ಮೂವರನ್ನೂ ಕೊಂಡೊಯ್ಯಿತು. ಭಿಕ್ಷೆ ಬೇಡಲು ನಾಚಿಕೆ, ಕೂಲಿ ಮಾಡಲು ಬಾರದು. ಅಂಥ ಸ್ಥಿತಿಯಲ್ಲಿ ಅಣ್ಣ-ತಂಗಿ ಇಬ್ಬರೇ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಅಲ್ಲಿನ ವಿದ್ವಾಂಸರು ಈ ಇಪ್ಪತ್ತರ ಹುಡುಗಿಯ ಸಂಸ್ಕೃತ ಕೇಳಿ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು.

1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ರಮಾಬಾಯಿ ಜಾತಿ ಬಿಟ್ಟು, ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. 1881ರ ಏಪ್ರಿಲ್ 16ರಂದು ಮಗಳು ಹುಟ್ಟಿದಳು. ಮನಸ್ಸಿಗೆ ಆನಂದ ಕೊಡುವವಳು ಎಂದು ಮನೋರಮಾ ಎಂಬ ಹೆಸರಿಟ್ಟರು. ಮಗುವಿಗೆ ಹತ್ತು ತಿಂಗಳಾಗುವಷ್ಟರಲ್ಲಿ ಕಾಲರಾ ಬಂದು ತಂದೆ ಹೋದರು. ಹೆಣ್ಣುಮಗು ಹುಟ್ಟಿದ್ದಕ್ಕೆ ಸಂತೋಷಪಟ್ಟ ದಂಪತಿ ಆ ಕಾಲದಲ್ಲಿ ಅಪರೂಪ. ಆ ಸಂತೋಷದ ಒಂದು ಪಾಲು ಬಲುಬೇಗ ತಾಯಿಯ ಪಾಲಿಗೆ ಮಾತ್ರ ಉಳಿಯಿತು.

ಅಜೀಬಾಯಿಯೊಡನೆ ಜಗಳ

ವೈದ್ಯ ವಿದ್ಯೆ ಕಲಿಯಬೇಕೆಂಬ ಆಸೆಯಿಂದ ರಮಾಬಾಯಿ 1883ರಲ್ಲಿ ಎರಡು ವರ್ಷದ ಮಗಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದರು. ಪ್ರಯಾಣಕ್ಕೆ ಹಣ ಬಂದದ್ದು ತಾವು ಮರಾಠಿಯಲ್ಲಿ ಬರೆದ ‘ಸ್ತ್ರೀ ಧರ್ಮ ನೀತಿ’ ಪುಸ್ತಕದ ಮಾರಾಟದಿಂದ. ಕಿವಿ ಮಂದವಾಗುತ್ತ ಬಂದ ಕಾರಣ ವೈದ್ಯರಾಗುವ ಆಸೆ ಕೈಗೂಡಲಿಲ್ಲ. ಆಗಿದ್ದೇ ಬೇರೆ. ಅದೇ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ತಾಯಿ-ಮಗಳಿಬ್ಬರೂ ಕ್ರೈಸ್ತ ದೀಕ್ಷಾಸ್ನಾನ ಪಡೆದರು. ಪುಣೆಯ ತನಕ ಸುದ್ದಿ ಮುಟ್ಟಿ ಅಲ್ಲೋಲ ಕಲ್ಲೋಲವಾಯಿತು.

ರಮಾಬಾಯಿ ಚೆಲ್ಟನ್‌ಹ್ಯಾಮಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಓದುತ್ತ, ಸಂಸ್ಕೃತ ಹೇಳಿಕೊಡುತ್ತ ಇದ್ದಾಗ ಮಗಳ ಆರೈಕೆಯಲ್ಲಿ ವಾಂಟೇಜಿನ ಸಿಸ್ಟರುಗಳ ಪಾಲು ದೊಡ್ಡದು. ಅವರಲ್ಲಿ ಜೆರಾಲ್ಡಿನ್‌ರನ್ನು ರಮಾಬಾಯಿ ಕಾಗದಗಳಲ್ಲಿ ಕರೆಯುತ್ತಿದ್ದದ್ದು ‘ಅಜೀಬಾಯಿ’ ಎಂದು. ಅಂದರೆ ಅಜ್ಜಿ. ಪರದೇಶದಲ್ಲಿ ಮಗುವಿಗೊಬ್ಬ ಅಜ್ಜಿ ಸಿಕ್ಕಿದಂತಾಗಿತ್ತು. ಅಜ್ಜಿಯೊಡನೆಯೇ ಜಗಳ.

ಕ್ರೈಸ್ತರಾದರೆಂದು ರಮಾಬಾಯಿ ತಮ್ಮ ಬುದ್ಧಿಯನ್ನು ಯಾರಿಗೂ ಒತ್ತೆ ಇಟ್ಟಿರಲಿಲ್ಲ. ಮಾಂಸವಿರಲಿ, ಮೊಟ್ಟೆ ಹಾಕಿದ ಪುಡಿಂಗನ್ನೂ ಅವರು ಮುಟ್ಟಲಿಲ್ಲ. ಕೊರಳ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕಿರಬೇಕು, ಸಂಸ್ಕೃತ ಏಕಾಗಬಾರದು ಎಂದು ಕೇಳಿದರು. ಇಂಗ್ಲೆಂಡಿನ ಚರ್ಚಿನ ಸಿದ್ಧಾಂತಗಳಲ್ಲಿ, ಅದರಲ್ಲೂ ತ್ರಿಯೇಕ ದೇವರ ತತ್ವದಲ್ಲಿ ಅವರಿಗೆ ಸಂಶಯಗಳಿದ್ದವು. ತನಗೇ ಮನಸ್ಸಿಗೆ ಒಪ್ಪದ ಸಂಗತಿಗಳನ್ನು ನಾಲ್ಕು ವರ್ಷದ ಮಗಳ ಬಾಯಿಗೆ ತುರುಕಬೇಡಿ. ಅವಳಿಗೆ ತಿಳಿವಳಿಕೆ ಬಂದಾಗ ಅವಳೇ ಯೋಚಿಸಲಿ ಎಂಬುದು ಅವರ ವಾದ. ದೀಕ್ಷೆ ಕೊಟ್ಟ ಮಗುವನ್ನು ಚರ್ಚಿನ ಕ್ರಮದಂತೆ ಬೆಳೆಸುವುದು ನಮ್ಮ ಹೊಣೆ ಎಂಬುದು ಸಿಸ್ಟರ್ ಉತ್ತರ. ರಮಾಬಾಯಿಗೆ ಅಹಂಕಾರ ಹೆಚ್ಚಾಗಿದೆ ಎಂಬ ಮಾತೂ ಬಂತು. ಭಾರತದ ಪುರೋಹಿತರ ನೊಗದಿಂದ ಬಹಳ ಕಷ್ಟಪಟ್ಟು ಕತ್ತು ಬಿಡಿಸಿಕೊಂಡವಳು ನಾನು, ಅಂಥದೇ ಇನ್ನೊಂದು ನೊಗಕ್ಕೆ ಕತ್ತು ಕೊಡಲಾರೆ ಎಂಬರ್ಥದ ಅವರ ಮಾರುತ್ತರ ಮುಂದೆ ಪ್ರಸಿದ್ಧವಾಯಿತು.

ಇನ್ನೊಂದು ಚಿಂತೆಯೂ ತಾಯಿಗೆ ಇತ್ತು. ಮಗಳು ಇಂಗ್ಲಿಷ್ ಹುಡುಗಿಯಾಗಿಬಿಟ್ಟರೆ? ತನ್ನ ನಾಡಿನ ಜನರನ್ನು ಅವರಲ್ಲೊಬ್ಬಳಾಗಿ ಪ್ರೀತಿಸಬೇಕೇ ಹೊರತು, ಮೇಲಿನಿಂದ ಬಂದವಳಂತೆ ನೋಡಬಾರದು ಎಂದು ಅವರು ಬರೆದರು. ಅಂದಿನ ಅನೇಕ ಮಿಷನರಿಗಳಿಗೂ, ಇಂದಿನ ಅನೇಕ ಕಾನ್ವೆಂಟ್ ಪ್ರಿಯ ತಂದೆ-ತಾಯಿಗಳಿಗೂ ಈ ಮಾತು ಸ್ವಲ್ಪ ಚುಚ್ಚೀತು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಎರಡೂವರೆ ವರ್ಷದ ಕೂಸಿಗೆ ದೀಕ್ಷಾಸ್ನಾನ ಮಾಡಿಸುವಾಗ ಅದರ ಒಪ್ಪಿಗೆ ಕೇಳಿದವರು ಯಾರು? ಮಗಳ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ತಾಯಿಯೇ ಆ ಮೊದಲ ಹೆಜ್ಜೆಯನ್ನು ಮಗಳ ಪರವಾಗಿ ಇಟ್ಟಿದ್ದರು. ಮಕ್ಕಳನ್ನು ಸಾಕುವವರು ಯಾರೂ ಈ ಸಿಕ್ಕಿನಿಂದ ಪೂರ್ತಿ ತಪ್ಪಿಸಿಕೊಳ್ಳಲಾರರೇನೋ.

1886ರಲ್ಲಿ ಅಮೆರಿಕದಲ್ಲಿ ಆನಂದಿಬಾಯಿ ಜೋಶಿ ವೈದ್ಯ ಪದವಿ ಪಡೆದಾಗ ಆ ಸಮಾರಂಭಕ್ಕೆಂದು ಹೋದ ರಮಾಬಾಯಿ ಅಲ್ಲಿ ಸುಮಾರು ಮೂರು ವರ್ಷ ಉಳಿದರು. ಉಪನ್ಯಾಸ ಮಾಡಿದರು, ಶಿಶುವಿಹಾರದ ಪದ್ಧತಿ ಕಲಿತರು, ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಬರೆದರು. ಮಗಳು ಈ ಅವಧಿಯ ಬಹುಪಾಲು ವಾಂಟೇಜಿನಲ್ಲಿಯೇ ಇದ್ದಳು. ತಾಯಿಯ ಕಾಗದಗಳು ಅವಳನ್ನು ಹುಡುಕಿಕೊಂಡು ಬರುತ್ತಿದ್ದವು. ಇಷ್ಟು ದೂರ, ಇಷ್ಟು ದಿನ ಬಿಟ್ಟಿರಬೇಕಿತ್ತೇ ಎಂದು ಕೇಳುವವರು ಅಂದೂ ಇದ್ದರು. ಬಾಲವಿಧವೆಯರಿಗೊಂದು ಮನೆ ಕಟ್ಟಬೇಕೆಂಬ ಹಟದ ಬೆಲೆಯನ್ನು ಮಗಳೂ ತೆತ್ತಳು ಎಂದೇ ಹೇಳಬೇಕು.

ತೆರೆದ ಬಾಗಿಲು

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ‘ಶಾರದಾ ಸದನ’ ಆರಂಭವಾಯಿತು. ಮರುವರ್ಷ ಪುಣೆಗೆ ಬಂತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದ ಗೋದುಬಾಯಿ ಎಂಬ ಬಾಲವಿಧವೆ ಮುಂದೆ ಮಹರ್ಷಿ ಕರ್ವೆಯವರ ಪತ್ನಿಯಾದರು. ಬಾಸ್ಟನ್ನಿನಲ್ಲಿ ಸ್ಥಾಪನೆಯಾದ ‘ರಮಾಬಾಯಿ ಅಸೋಸಿಯೇಷನ್’ ಹತ್ತು ವರ್ಷ ಹಣ ಕೊಡುವುದಾಗಿ ಮಾತು ಕೊಟ್ಟಿತ್ತು. ಷರತ್ತು ಒಂದೇ: ಸದನದಲ್ಲಿ ಯಾವ ಮತದ ಬೋಧನೆಯೂ ಇರಕೂಡದು. ಹುಡುಗಿಯರು ತಮ್ಮ ತಮ್ಮ ಜಾತಿಯ ಕಟ್ಟಳೆಗಳನ್ನು ಪಾಲಿಸಿಕೊಂಡಿರಬಹುದಿತ್ತು. ನ್ಯಾಯಮೂರ್ತಿ ರಾನಡೆ, ಆರ್.ಜಿ. ಭಂಡಾರ್ಕರ್ ಅವರಂಥ ಹಿರಿಯರು ಸಲಹಾ ಮಂಡಳಿಯಲ್ಲಿದ್ದರು.

ರಮಾಬಾಯಿ ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಮಗಳನ್ನು ಕೂರಿಸಿಕೊಂಡು ಬೈಬಲ್ ಓದಿ ಪ್ರಾರ್ಥನೆ ಮಾಡುತ್ತಿದ್ದರು. ಬಾಗಿಲು ಮುಚ್ಚುತ್ತಿರಲಿಲ್ಲ. ಸುಮ್ಮನೆ ಇಣುಕಿದ ಹುಡುಗಿಯರು ಮೊದಲು ಹೊಸ್ತಿಲಲ್ಲಿ ನಿಂತರು, ಆಮೇಲೆ ಒಳಗೆ ಬಂದು ಕುಳಿತರು. ನಾನು ಕರೆಯಲಿಲ್ಲ, ಬಂದವರನ್ನು ತಳ್ಳಲೂ ಇಲ್ಲ ಎಂದು ರಮಾಬಾಯಿ ಹೇಳಿದರು. ಮಗಳೊಡನೆ ಪ್ರಾರ್ಥನೆ ಮಾಡುವ ಹಕ್ಕು ಯಾವ ತಾಯಿಗೆ ಇಲ್ಲ?

ಆದರೆ ಆ ಹುಡುಗಿಯರಿಗೂ ಮನೆಯವರಿದ್ದರು. ಸದನದ ಕೆಲವರು ಕ್ರೈಸ್ತ ಮತದ ಕಡೆ ವಾಲುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ತಿಲಕರ ‘ಕೇಸರಿ’ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಇಬ್ಬರೂ ಸಲಹಾ ಮಂಡಳಿಯಿಂದ ಹೊರಬಂದರು. ಪೋಷಕರು ಅನೇಕ ಹುಡುಗಿಯರನ್ನು ವಾಪಸು ಕರೆದುಕೊಂಡು ಹೋದರು. ಟೀಕಾಕಾರರೆಲ್ಲ ಸ್ತ್ರೀಶಿಕ್ಷಣದ ಶತ್ರುಗಳಾಗಿರಲಿಲ್ಲ. ರಾನಡೆಯವರಂತೂ ಜೀವಮಾನವಿಡೀ ಅದಕ್ಕಾಗಿ ದುಡಿದವರು. ಮತದ ವಿಷಯಕ್ಕೆ ಕೈ ಹಾಕುವುದಿಲ್ಲ ಎಂಬ ಮಾತನ್ನು ನಂಬಿ ಜನ ಮಕ್ಕಳನ್ನು ಕಳಿಸಿದ್ದರು. ಊಟ, ಬಟ್ಟೆ, ಅಕ್ಷರ ಎಲ್ಲವನ್ನೂ ಕೊಟ್ಟು ಅಕ್ಕರೆಯಿಂದ ನೋಡಿಕೊಂಡ ಒಬ್ಬ ತಾಯಿ ಬಾಗಿಲು ತೆರೆದು ಪ್ರಾರ್ಥಿಸುತ್ತಿದ್ದರೆ, ನಿರ್ಗತಿಕ ಹುಡುಗಿಯೊಬ್ಬಳು ಒಳಗೆ ಬಂದು ಕೂರುವುದನ್ನು ಎಷ್ಟರಮಟ್ಟಿಗೆ ಅವಳ ಸ್ವಂತ ಆಯ್ಕೆ ಎನ್ನಬಹುದು? ವಾಂಟೇಜಿನಲ್ಲಿ ಮಗಳ ಪರವಾಗಿ ರಮಾಬಾಯಿ ಕೇಳಿದ ಪ್ರಶ್ನೆಯನ್ನೇ ಪುಣೆಯಲ್ಲಿ ಬೇರೆ ತಂದೆ-ತಾಯಿಗಳು ಅವರಿಗೆ ಕೇಳಿದಂತಾಗಿತ್ತು. ಅವರ ಜೀವನ ಬರೆದವರಲ್ಲಿ ಭಕ್ತರು ಈ ಅಧ್ಯಾಯವನ್ನು ಬೇಗ ದಾಟುತ್ತಾರೆ, ವಿರೋಧಿಗಳು ಇದೊಂದನ್ನೇ ಹಿಡಿದು ಕೂರುತ್ತಾರೆ.

ಮನೋರಮಾಳಿಗೆ ಆಗ ಹನ್ನೆರಡು ವರ್ಷ. ತನ್ನ ಜೊತೆಯಲ್ಲಿ ಆಡಿ ಬೆಳೆದ ಹುಡುಗಿಯರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿಕೊಂಡು ಹೊರಡುವುದನ್ನು ಕಂಡ ವಯಸ್ಸು. ಮನೆಯಲ್ಲಿ ನಡೆಯುವ ಪ್ರಾರ್ಥನೆ ಊರಿನ ವ್ಯಾಜ್ಯವಾಗಬಹುದು, ನಂಬಿಕೆಯೊಂದು ಗೆಳತಿಯರನ್ನು ದೂರ ಮಾಡಬಹುದು ಎಂಬುದು ಅವಳಿಗೆ ಪುಸ್ತಕದಿಂದ ತಿಳಿದದ್ದಲ್ಲ.

ಓದು ಬಿಟ್ಟು ಬಂದ ಹುಡುಗಿ

1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಭೀಕರ ಬರ. ಸುದ್ದಿ ಕೇಳಿದ ರಮಾಬಾಯಿಗೆ ಇಪ್ಪತ್ತು ವರ್ಷಗಳ ಹಿಂದಿನ ಹಸಿವು ನೆನಪಾಯಿತು. ಅಲ್ಲಿಗೇ ಹೋಗಿ, ಅನಾಥ ಹುಡುಗಿಯರನ್ನೂ ವಿಧವೆಯರನ್ನೂ ನೂರಾರು ಸಂಖ್ಯೆಯಲ್ಲಿ ಕರೆತಂದರು. ಪುಣೆಯಲ್ಲಿ ಪ್ಲೇಗು ಬಂದು ಜಾಗ ಸಾಲದಾದಾಗ, ಊರಿನಿಂದ ಐವತ್ತು ಅರವತ್ತು ಕಿಲೋಮೀಟರು ಆಚೆ ಕೇಡಗಾಂವ್‌ನಲ್ಲಿ ಮೊದಲೇ ಕೊಂಡಿದ್ದ ಹೊಲಕ್ಕೆ ಎಲ್ಲರನ್ನೂ ಸಾಗಿಸಿದರು. ಅದೇ ‘ಮುಕ್ತಿ ಸದನ’. ಹೊಸದಾಗಿ ಬಂದವರು ಬಹುಪಾಲು ಬೇರೆ ಬೇರೆ ಜಾತಿಯ ಬಡವರು. ಮುಕ್ತಿ, ಶಾರದಾ ಸದನದಂತಲ್ಲದೆ, ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆಯಾಗಿತ್ತು.

ಹದಿಹರೆಯದ ಮನೋರಮಾ ಆ ವೇಳೆಗೆ ಮತ್ತೆ ಸಮುದ್ರ ದಾಟಿ ಓದುತ್ತಿದ್ದಳು. ಮೊದಲು ಇಂಗ್ಲೆಂಡ್, ಆಮೇಲೆ ಅಮೆರಿಕ. ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರಲ್ಲಿದ್ದ ಚೆಸ್‌ಬರೋ ಸೆಮಿನರಿ ಎಂಬ ವಿದ್ಯಾಲಯ ಸೇರಿದಳು. ರಮಾಬಾಯಿ ತಮ್ಮ ಆಶ್ರಯದಲ್ಲಿದ್ದ ಕೆಲವು ಬಾಲವಿಧವೆಯರನ್ನೂ ಅದೇ ಶಾಲೆಗೆ ಕಳಿಸಿದ್ದರು. ಸ್ವಂತ ಮಗಳಿಗೊಂದು ಶಾಲೆ, ಸಾಕುಮಕ್ಕಳಿಗೊಂದು ಶಾಲೆ ಎಂದು ಅವರು ಎಣಿಸಲಿಲ್ಲ.

ಓದು ಮುಂದುವರಿಸಲು ಅಲ್ಲಿ ಅನುಕೂಲವಿತ್ತು. ಜಾಣ ಹುಡುಗಿ, ಒಳ್ಳೆಯ ಇಂಗ್ಲಿಷ್, ತಾಯಿಯ ಹೆಸರಿನ ಬಲ. ಪದವಿಯ ಮೇಲೆ ಪದವಿ ಪಡೆದು ಅಲ್ಲಿಯೇ ನೆಲೆಸಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ 1899-1900ರಲ್ಲಿ ಗುಜರಾತಿನಲ್ಲಿ ಮತ್ತೊಂದು ಬರ ಬಂತು. ಮುಕ್ತಿಗೆ ಹಸಿದ ಹೆಣ್ಣುಮಕ್ಕಳು ತಂಡತಂಡವಾಗಿ ಬಂದರು. ಒಟ್ಟು ಸಂಖ್ಯೆ ಸುಮಾರು ಎರಡು ಸಾವಿರ ಮುಟ್ಟಿತು. ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ತಾಯಿಗೆ ಕಿವಿ ಸರಿಯಾಗಿ ಕೇಳಿಸದು. 1900ರ ಸುಮಾರಿಗೆ ಮನೋರಮಾ ಹಿಂತಿರುಗಿದಳು. ಇಪ್ಪತ್ತು ಇನ್ನೂ ತುಂಬಿರಲಿಲ್ಲ.

ಎರಡು ಸಾವಿರ ಜನರೆಂದರೆ ಒಂದು ದೊಡ್ಡ ಹಳ್ಳಿ. ಆ ಹಳ್ಳಿಯಲ್ಲಿ ಎಲ್ಲರೂ ಹೆಂಗಸರು ಮತ್ತು ಮಕ್ಕಳು. ಬಹುಮಂದಿ ಮೂಳೆ-ಚಕ್ಕಳವಾಗಿ, ಮೈತುಂಬ ಹುಣ್ಣು, ತಲೆತುಂಬ ಹೇನು ಹೊತ್ತು ಬಂದವರು. ಸಿಕ್ಕಿದ ಅನ್ನವನ್ನು ನಾಳೆಗೆಂದು ಬಚ್ಚಿಡುವ ಮಕ್ಕಳು. ಅವರಿಗೆ ಸ್ನಾನ ಮಾಡಿಸಬೇಕು, ಔಷಧ ಹಚ್ಚಬೇಕು, ಕಚ್ಚಾಡಿದರೆ ಬಿಡಿಸಬೇಕು, ಮೆಲ್ಲಗೆ ಅಕ್ಷರ ಕಲಿಸಬೇಕು. ಬಾವಿ ತೋಡುವುದರಿಂದ ಹಿಡಿದು ಲೆಕ್ಕ ಬರೆಯುವವರೆಗೆ ಕೆಲಸ. ಮಗ್ಗ, ಎಣ್ಣೆ ಗಾಣ, ಹೈನು, ಮುದ್ರಣಾಲಯ ಎಲ್ಲವನ್ನೂ ಹೆಣ್ಣುಮಕ್ಕಳೇ ನಡೆಸುತ್ತಿದ್ದರು. ಅಮೆರಿಕದ ತರಗತಿಯ ಕೋಣೆಯಿಂದ ಬಂದ ಹುಡುಗಿಗೆ ಇದು ಸೇವೆ ಎಂಬ ದೊಡ್ಡ ಪದಕ್ಕಿಂತ ದಿನದ ಇಪ್ಪತ್ತನಾಲ್ಕು ಗಂಟೆಯ ದುಡಿಮೆಯಾಗಿಯೇ ಕಂಡಿರಬೇಕು.

ಅಮೆರಿಕದಿಂದ ಮನೋರಮಾ ತಂದ ಒಂದು ವಿದ್ಯೆ ಮುಕ್ತಿಯಲ್ಲಿ ಬೇರೆ ಯಾರಿಗೂ ತಿಳಿಯದ್ದು. ಅದು ಬ್ರೈಲ್ ಲಿಪಿ. ಕಾಗದದ ಮೇಲೆ ಉಬ್ಬಿದ ಆರು ಚುಕ್ಕಿಗಳ ಜೋಡಣೆಯಿಂದ ಅಕ್ಷರಗಳನ್ನು ಮಾಡಿ, ಬೆರಳ ತುದಿಯಿಂದ ಓದುವ ಕ್ರಮ. ಬರದಲ್ಲಿ ಬಂದವರಲ್ಲಿ ಕಣ್ಣಿಲ್ಲದವರೂ ಇದ್ದರು. ಅಂದಿನ ಹಳ್ಳಿಯಲ್ಲಿ ಕುರುಡಿ, ಅದರಲ್ಲೂ ಅನಾಥೆ ಎಂದರೆ ದೇವಸ್ಥಾನದ ಬಾಗಿಲಲ್ಲಿ ಕೈ ಚಾಚಿ ಕೂರುವುದೊಂದೇ ದಾರಿ. ಮನೋರಮಾ ಅವರನ್ನು ಕೂರಿಸಿಕೊಂಡು ಬೆರಳು ಹಿಡಿದು ಓದಲು ಕಲಿಸಿದರು. ಹಾಗೆ ಕಲಿತವರಿಗಾಗಿ ಬೈಬಲಿನ ಕುರುಡ ಬಾರ್ತಿಮಾಯನ ಹೆಸರಿನಲ್ಲಿ ‘ಬಾರ್ತಿಮಿ ಸದನ’ವೇ ಬಂತು. ಬುಟ್ಟಿ ಹೆಣೆಯುವಂಥ ಕೈಕೆಲಸವೂ ಅಲ್ಲಿ ಸೇರಿಕೊಂಡಿತು.

(ಇಲ್ಲಿಂದ ಮುಂದೆ ‘ಮನೋರಮಾಬಾಯಿ’ ಎನ್ನುವುದೇ ಸರಿ. ಮುಕ್ತಿಯಲ್ಲಿ ಅವರನ್ನು ಹಾಗೆಯೇ ಕರೆಯುತ್ತಿದ್ದರು.)

ಹೆಮ್ಮೆ ಕಂಡದ್ದು ಎಲ್ಲಿ?

ಮಗಳನ್ನು ಹೊಗಳಿ ಮೆರೆಸುವ ಸ್ವಭಾವ ರಮಾಬಾಯಿಯವರದಲ್ಲ. ಅವರ ಹೆಮ್ಮೆಯನ್ನು ಮಾತಿನಲ್ಲಿ ಹುಡುಕುವುದಕ್ಕಿಂತ ಮಗಳಿಗೆ ಒಪ್ಪಿಸಿದ ಕೆಲಸಗಳಲ್ಲಿ ಹುಡುಕುವುದು ಸುಲಭ. 1903ರ ಸುಮಾರಿಗೆ ಮುಕ್ತಿಯ ಪರವಾಗಿ ಆಸ್ಟ್ರೇಲಿಯಕ್ಕೆ ಹೋಗಿಬರಬೇಕಾಯಿತು. ರಮಾಬಾಯಿ ತಾವು ಹೋಗದೆ, ತಮ್ಮ ಸಹಾಯಕಿಯಾಗಿದ್ದ ಅಮೆರಿಕನ್ ಮಹಿಳೆ ಮಿನ್ನಿ ಏಬ್ರಮ್ಸ್ ಜೊತೆಗೆ ಮಗಳನ್ನು ಕಳಿಸಿದರು. ಇಪ್ಪತ್ತೆರಡರ ಭಾರತೀಯ ಹುಡುಗಿ ಪರದೇಶದ ಸಭೆಗಳಲ್ಲಿ ನಿಂತು ಮಾತನಾಡುವುದು ಆ ಕಾಲದಲ್ಲಿ ಸಾಮಾನ್ಯವಲ್ಲ. ತಾಯಿಗೆ ಅದು ವಿಶೇಷವೆನಿಸಲಿಲ್ಲವೇನೋ. ಅದೇ ವಯಸ್ಸಿನ ಆಸುಪಾಸಿನಲ್ಲಿ ಅವರು ಕಲ್ಕತ್ತೆಯ ಪಂಡಿತರ ಸಭೆಯಲ್ಲಿ ನಿಂತವರು.

ರಮಾಬಾಯಿ ಬೈಬಲನ್ನು ಮರಾಠಿಗೆ ಹೊಸದಾಗಿ ಅನುವಾದಿಸಲು ಕೈ ಹಾಕಿದರು. ಇದ್ದ ಅನುವಾದದ ಸಂಸ್ಕೃತಭರಿತ ಮರಾಠಿ ಹಳ್ಳಿಯ ಹೆಂಗಸರಿಗೆ ಅರ್ಥವಾಗದು ಎಂಬುದು ಈ ಸಂಸ್ಕೃತ ಪಂಡಿತೆಯ ದೂರು! ಅದಕ್ಕಾಗಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ವರ್ಷಗಟ್ಟಲೆ ನಡೆದ ಈ ಕೆಲಸದಲ್ಲಿ ತಾಯಿ ಮುಳುಗಿದಂತೆಲ್ಲ ಸಂಸ್ಥೆಯ ದಿನನಿತ್ಯದ ಭಾರ ಮಗಳ ಕಡೆಗೆ ಜಾರಿತು. ಶಾರದಾ ಸದನದ ಮುಖ್ಯಸ್ಥೆಯಾದವರು ಮನೋರಮಾಬಾಯಿಯೇ. ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಪದವಿಯೂ ಅವರ ಹೆಸರಿಗೆ ಸೇರಿತು.

ಕನ್ನಡಿಗರಿಗೆ ಸಂಬಂಧಿಸಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. 1910ರ ದಶಕದ ಆರಂಭದಲ್ಲಿ ತಾಯಿ-ಮಗಳು ಸೇರಿ ಗುಲ್ಬರ್ಗದಲ್ಲಿ ಒಂದು ಕ್ರೈಸ್ತ ಪ್ರೌಢಶಾಲೆಯನ್ನು ತೆರೆದರು. ಹೆಸರು ‘ಶಾಂತಿ ಸದನ’. ಇಂದು ಕಲಬುರಗಿ ಎಂದು ಕರೆಯುವ ಆ ಊರು ಅಂದು ಹೈದರಾಬಾದಿನ ನಿಜಾಮರ ಆಡಳಿತದಲ್ಲಿತ್ತು. ರಾಜ್ಯದ ಆಡಳಿತ ಭಾಷೆ ಉರ್ದು. ಗಂಡುಮಕ್ಕಳ ಶಾಲೆಗಳೇ ವಿರಳ. ಹೆಣ್ಣುಮಕ್ಕಳ ಓದನ್ನು ಕೇಳುವವರಿರಲಿಲ್ಲ. ಆ ಶಾಲೆಯ ಮುಖ್ಯ ಹೊಣೆಯೂ ಮನೋರಮಾಬಾಯಿಯವರದೇ. ಅಜ್ಜ ಅನಂತ ಶಾಸ್ತ್ರಿಗಳು ಹೆಂಡತಿಗೆ ಅಕ್ಷರ ಕಲಿಸಿದ ತಪ್ಪಿಗೆ ಊರು ಬಿಟ್ಟು ಮಲೆನಾಡಿನ ಕಾಡು ಸೇರಿದ್ದರು. ಅರ್ಧ ಶತಮಾನ ಕಳೆದ ಮೇಲೆ ಮೊಮ್ಮಗಳು ಅದೇ ಕನ್ನಡ ನೆಲದ ಇನ್ನೊಂದು ಮೂಲೆಯಲ್ಲಿ ಶಾಲೆ ಕಟ್ಟಲು ಬಂದರು. ಶಾಸ್ತ್ರಿಗಳು ಬದುಕಿದ್ದಿದ್ದರೆ ಏನೆನ್ನುತ್ತಿದ್ದರು? ಹೆಣ್ಣು ಓದಿದ್ದಕ್ಕೆ ಸಂತೋಷಪಟ್ಟಾರು, ಮತ ಬದಲಾದದ್ದಕ್ಕೆ ಕಣ್ಣೀರು ಹಾಕಿಯಾರು. ಎರಡನ್ನೂ ಒಟ್ಟಿಗೆ ಮಾಡಿದ್ದರೂ ಆಶ್ಚರ್ಯವಿಲ್ಲ.

ಮನೋರಮಾಬಾಯಿಯವರ ನಂಬಿಕೆ ತಾಯಿಯ ನೆರಳೇ, ಅಥವಾ ಅವರದೇ ಸ್ವಂತದ್ದೇ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಬಹುದು. ತಾಯಿ ಹಾದಿ ಬದಲಿಸಿದವರು: ಪುರಾಣದಿಂದ ಬ್ರಾಹ್ಮ ಸಮಾಜದ ವಿಚಾರಕ್ಕೆ, ಅಲ್ಲಿಂದ ಕ್ರಿಸ್ತನ ಕಡೆಗೆ, ಹೆಜ್ಜೆ ಹೆಜ್ಜೆಗೂ ವಾದ ಮಾಡಿ ನಡೆದವರು. ಮಗಳು ಹಾಗೆ ಯಾರೊಡನೆಯೂ ಸಿಡಿದೆದ್ದ ದಾಖಲೆ ಪ್ರಸಿದ್ಧವಾಗಿಲ್ಲ. ಆದರೆ ಎರಡು ಖಂಡಗಳನ್ನು ಕಂಡು, ಬೇರೆ ಬೇರೆ ಪಂಗಡದ ಕ್ರೈಸ್ತರ ನಡುವೆ ಓದಿ, ಎಲ್ಲಿ ಬೇಕಾದರೂ ನಿಲ್ಲಬಹುದಾಗಿದ್ದ ಹುಡುಗಿ ಹೇನು ತುಂಬಿದ ತಲೆಗಳನ್ನು ಬಾಚಲು ಕೇಡಗಾಂವ್‌ಗೆ ಬಂದಳು. ಬಂದ ಮೇಲೆ ಬಿಟ್ಟು ಹೋಗಲಿಲ್ಲ. ವಾಂಟೇಜಿನ ಅಜೀಬಾಯಿಗೆ ತಾಯಿ ಬರೆದಿದ್ದ ಆಸೆ, ಮಗಳು ತನ್ನ ಜನರಲ್ಲೊಬ್ಬಳಾಗಿ ಅವರನ್ನು ಪ್ರೀತಿಸಬೇಕು ಎಂಬುದು, ಹೀಗೆ ಕೈಗೂಡಿತು. ಅಜೀಬಾಯಿಯೂ ಈ ಕಾಗದಗಳನ್ನೆಲ್ಲ ಹರಿದು ಹಾಕದೆ ಜೋಪಾನವಾಗಿ ಇಟ್ಟರು. 1977ರಲ್ಲಿ ಅವು ಪುಸ್ತಕವಾಗಿ ಬಂದದ್ದರಿಂದಲೇ ತಾಯಿಯ ಸಿಟ್ಟು, ಸಿಸ್ಟರ್ ಸಂಕಟ ಎರಡೂ ಇಂದು ಓದಲು ಸಿಗುತ್ತವೆ.

ಒಂಬತ್ತು ತಿಂಗಳು

1919ರಲ್ಲಿ ಸರ್ಕಾರ ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ಅಷ್ಟು ಹೊತ್ತಿಗೆ ಅವರ ಆರೋಗ್ಯ ಇಳಿಮುಖವಾಗಿತ್ತು. ತನ್ನ ನಂತರ ಸಂಸ್ಥೆಯನ್ನು ಮಗಳು ನಡೆಸುತ್ತಾಳೆ ಎಂಬುದು ಅವರಿಗೂ ಮುಕ್ತಿಯ ಎಲ್ಲರಿಗೂ ನಿಶ್ಚಯವಿದ್ದ ಮಾತು.

1921ರ ಜುಲೈ 24ರಂದು ಮನೋರಮಾಬಾಯಿ ತೀರಿಕೊಂಡರು. ವಯಸ್ಸು ನಲವತ್ತು. ಗಂಡ ಹೋದ ಮೇಲೆ ಮೂವತ್ತೊಂಬತ್ತು ವರ್ಷ ತನ್ನವರೆಂದು ಉಳಿದಿದ್ದ ಒಬ್ಬಳೇ ಮಗಳನ್ನು ರಮಾಬಾಯಿ ಮಣ್ಣಿಗೆ ಕೊಟ್ಟರು. ಬರದಲ್ಲಿ ತಂದೆ, ತಾಯಿ, ಅಕ್ಕ, ಆಮೇಲೆ ಅಣ್ಣ, ಗಂಡ, ಈಗ ಮಗಳು. ಆದರೂ ಅನುವಾದದ ಕೆಲಸ ನಿಲ್ಲಲಿಲ್ಲ. ಉಳಿದಿದ್ದ ಪುಟಗಳನ್ನು ಮುಗಿಸಿದರು. 1922ರ ಏಪ್ರಿಲ್ 5ರಂದು, ಮಗಳು ಹೋದ ಒಂಬತ್ತು ತಿಂಗಳಿಗೆ, ತಾವೂ ಹೋದರು. ಮುಕ್ತಿಯ ಹೆಣ್ಣುಮಕ್ಕಳು ಮೊಳೆ ಜೋಡಿಸಿ ಅಚ್ಚು ಹಾಕಿದ ಆ ಮರಾಠಿ ಬೈಬಲ್ ಪೂರ್ಣವಾಗಿ ಹೊರಬಂದದ್ದು 1924ರಲ್ಲಿ.

ಭಾರತದ ಅಂಚೆ ಇಲಾಖೆ 1989ರಲ್ಲಿ ರಮಾಬಾಯಿಯವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಮನೋರಮಾಬಾಯಿಯವರ ಹೆಸರಿನಲ್ಲಿ ಅಂಥದೇನೂ ಬಂದಂತಿಲ್ಲ. ಕೇಡಗಾಂವ್‌ನಲ್ಲಿ ತಾಯಿ-ಮಗಳು ನಡೆಸಿದ ಮುಕ್ತಿ ಮಿಷನ್ ಮಾತ್ರ ಇಂದಿಗೂ ಇದೆ. ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಅಲ್ಲಿ ಈಗಲೂ ಆಸರೆ ಸಿಗುತ್ತದೆ.